ವೈ-ಫೈ ಅಲೆ: ಅದು ಹೇಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ?



ಬೆಳೆ ಸಮೀಕ್ಷೆಯ ಚಿತ್ರ ಕಳುಹಿಸಬೇಕು, ಪಡಿತರಕ್ಕೆ ಬೆರಳಚ್ಚು ಕೊಡಬೇಕು, ಪಹಣಿ ತೆಗೆಸಬೇಕು, ಮೆಕ್ಕೆಜೋಳದ ಧಾರಣೆ ನೋಡಬೇಕು, ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕು. ಇಂದು ಈ ಎಲ್ಲ ಕೆಲಸಕ್ಕೂ ಅಂತರ್ಜಾಲ ಬೇಕು. ಸಂಪರ್ಕ ಸಿಗದಿದ್ದರೆ ಒಂದು ದಿನದ ಕೂಲಿ ಹೋಯಿತು. ಅರ್ಜಿಯ ಕಡೆಯ ದಿನವಾಗಿದ್ದರೆ ವರ್ಷದ ಸೌಲಭ್ಯವೇ ಹೋಯಿತು. ಆದುದರಿಂದ ಅಂತರ್ಜಾಲವೆಂಬುದು ಈಗ ಪೇಟೆಯವರ ಷೋಕಿಯ ವಸ್ತುವಲ್ಲ. ಬೀಜ, ಗೊಬ್ಬರ, ನೀರಿನಂತೆ ಅದೂ ಬೇಸಾಯದ ಒಂದು ಸಾಧನವಾಗಿದೆ.

ಈ ಸಾಧನವನ್ನು ಮನೆಯೊಳಗೆ ಹಂಚುವ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅದು ತಂತಿಯಿಲ್ಲದೆ ಹಂಚುವ ಬಗೆಗೆ ವೈ-ಫೈ ಎಂದು ಹೆಸರು. ಅನೇಕ ಮನೆಗಳಲ್ಲಿ ಈ ಪೆಟ್ಟಿಗೆ ಬಂದಿದೆ. ಆದರೆ “ಪಡಸಾಲೆಯಲ್ಲಿ ಬರುತ್ತದೆ, ಹಿತ್ತಿಲಿನಲ್ಲಿ ಬರುವುದಿಲ್ಲ”, “ಹೆಚ್ಚು ಹಣ ಕೊಟ್ಟು ಹೊಸದು ತಂದರೂ ಕೊಟ್ಟಿಗೆಗೆ ಮುಟ್ಟುವುದಿಲ್ಲ”, “ಬೇಸಿಗೆಯಲ್ಲಿ ತೋಟಕ್ಕೆ ಬರುತ್ತಿತ್ತು, ಮಳೆಗಾಲದಲ್ಲಿ ನಿಂತುಹೋಯಿತು” ಎಂಬ ಮಾತುಗಳು ಊರೂರಲ್ಲಿಯೂ ಕೇಳಿಬರುತ್ತವೆ. ಇವೆಲ್ಲಕ್ಕೂ ಕಾರಣವುಂಟು. ಕಾರಣ ತಿಳಿದವರು ಹಣ ಹಾಳುಮಾಡಿಕೊಳ್ಳುವುದಿಲ್ಲ. ಅದನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ಅಲೆ ಎಂದರೇನು?

ಕೆರೆಗೆ ಕಲ್ಲು ಎಸೆದರೆ ಅಲೆಯೇಳುತ್ತದೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರವೇ ಅಲೆಯ ಉದ್ದ. ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಗಳು ಹಾದುಹೋಗುತ್ತವೆ ಎಂಬ ಎಣಿಕೆಗೆ ಆವರ್ತಾಂಕ ಅಥವಾ ಫ್ರೀಕ್ವೆನ್ಸಿ ಎನ್ನುತ್ತಾರೆ. ಇದನ್ನು ಹರ್ಟ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾವಿರ ಹರ್ಟ್ಸ್‌ಗೆ ಒಂದು ಕಿಲೋಹರ್ಟ್ಸ್, ಹತ್ತು ಲಕ್ಷಕ್ಕೆ ಒಂದು ಮೆಗಾಹರ್ಟ್ಸ್, ನೂರು ಕೋಟಿಗೆ ಒಂದು ಗಿಗಾಹರ್ಟ್ಸ್.

ರೇಡಿಯೋ ಅಲೆಯೂ ಹೀಗೆಯೇ. ಆದರೆ ಅದು ನೀರಿನ ಅಲೆಯಲ್ಲ, ವಿದ್ಯುತ್ತು ಮತ್ತು ಅಯಸ್ಕಾಂತ ಶಕ್ತಿಗಳ ಅಲೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಈ ವೇಗವನ್ನು ಆವರ್ತಾಂಕದಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ.

ನಮ್ಮ ಜನಕ್ಕೆ ರೇಡಿಯೋ ಹೊಸದಲ್ಲ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ್ದರು. ನಮ್ಮ ಸೀಮೆಯ ಹಿರಿಯರು ಕೃಷಿ ಕಾರ್ಯಕ್ರಮ ಕೇಳುತ್ತಿದ್ದ ಭದ್ರಾವತಿ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಯಿತು. ಅದರ ಮಧ್ಯಮ ತರಂಗದ ಆವರ್ತಾಂಕ 675 ಕಿಲೋಹರ್ಟ್ಸ್. ಲೆಕ್ಕ ಹಾಕಿದರೆ ಆ ಅಲೆಯ ಉದ್ದ ಸುಮಾರು 444 ಮೀಟರ್ ಆಗುತ್ತದೆ. ಒಂದೊಂದು ಅಲೆಯೂ ಒಂದು ಸಣ್ಣ ಊರಿನಷ್ಟು ಉದ್ದ! ಅಂಥ ಅಲೆಗೆ ಒಂದು ಮನೆ, ಒಂದು ಮರ ಲೆಕ್ಕಕ್ಕಿಲ್ಲ. ನೆಲವನ್ನು ತಬ್ಬಿಕೊಂಡು, ದಿಬ್ಬಗಳನ್ನು ಬಳಸಿಕೊಂಡು ದೂರದೂರಕ್ಕೆ ಹೋಗುತ್ತಿತ್ತು.

ಎಫ್‌ಎಂ ಬಾನುಲಿ 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅದರ ಅಲೆ ಸುಮಾರು 3 ಮೀಟರ್, ಅಂದರೆ ಎತ್ತಿನ ಗಾಡಿಯಷ್ಟು ಉದ್ದ. ವೈ-ಫೈ ಬಳಸುವ ಒಂದು ಪಟ್ಟಿ 2.4 ಗಿಗಾಹರ್ಟ್ಸ್. ಸೆಕೆಂಡಿಗೆ 240 ಕೋಟಿ ಅಲೆ! ಒಂದೊಂದರ ಉದ್ದ 12.5 ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ವೈ-ಫೈನ ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸ್. ಅದರ ಅಲೆ ಮೂರು ಬೆರಳಿನ ಅಗಲದಷ್ಟು ಮಾತ್ರ. 60 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ವೈ-ಫೈ ಕೂಡ ಉಂಟು. ಅದರ ಅಲೆ 5 ಮಿಲಿಮೀಟರ್, ಒಂದು ದಪ್ಪ ಬಿಳಿಜೋಳದ ಕಾಳಿನಷ್ಟು.

ಇಷ್ಟು ಸಣ್ಣ ಅಲೆಗಳನ್ನು ಮೊದಲು ಪಳಗಿಸಿದವರಲ್ಲಿ ನಮ್ಮ ದೇಶದವರೇ ಒಬ್ಬರಿದ್ದಾರೆ. ಜಗದೀಶ ಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಇಂಥ ಕಿರು ಅಲೆಗಳನ್ನು ಕಳುಹಿಸಿ, ತಂತಿಯ ನಂಟಿಲ್ಲದೆ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. ಗಿಡಗಳಿಗೂ ಸ್ಪಂದನವುಂಟೆಂದು ತೋರಿಸಿದ ಅದೇ ಬೋಸರು ಇವರು.

ದೂರ ಹೋಗದ ಅಲೆಯನ್ನು ಏಕೆ ಆರಿಸಿದರು?

ಉದ್ದದ ಅಲೆ ದೂರ ಹೋಗುತ್ತದೆ, ಸಣ್ಣ ಅಲೆ ಬೇಗ ನಿಲ್ಲುತ್ತದೆ. ಹೀಗಿರುವಾಗ ಸಣ್ಣ ಅಲೆಯನ್ನೇ ಏಕೆ ಬಳಸಬೇಕು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ.

ಇದಕ್ಕೆ ಉತ್ತರ ಕಾಲುವೆಯಲ್ಲಿದೆ. ಕಾಲುವೆಯ ಅಗಲ ಹೆಚ್ಚಿದಷ್ಟೂ ಅದರಲ್ಲಿ ಹೆಚ್ಚು ನೀರು ಹರಿಯುತ್ತದೆ. ಹಾಗೆಯೇ ರೇಡಿಯೋದಲ್ಲಿ ಪಟ್ಟಿಯ ಅಗಲ ಹೆಚ್ಚಿದಷ್ಟೂ ಹೆಚ್ಚು ಮಾಹಿತಿ ಹರಿಯುತ್ತದೆ. ಮಧ್ಯಮ ತರಂಗದಲ್ಲಿ ಒಂದೊಂದು ಬಾನುಲಿ ಕೇಂದ್ರಕ್ಕೆ ಬಿಟ್ಟಿರುವ ಜಾಗ 9 ಕಿಲೋಹರ್ಟ್ಸ್. ಒಬ್ಬರ ಮಾತು, ಹಾಡು ಸಾಗಿಸಲು ಅಷ್ಟು ಸಾಕು. ಆದರೆ ವೈ-ಫೈನ ಒಂದೇ ಒಂದು ಸಾಲಿಗೆ ಕಡಿಮೆಯೆಂದರೂ 20 ಮೆಗಾಹರ್ಟ್ಸ್ ಅಗಲ ಬೇಕು. ಮಧ್ಯಮ ತರಂಗದ ಇಡೀ ಪಟ್ಟಿಯ ಅಗಲವೇ ಸುಮಾರು 1.1 ಮೆಗಾಹರ್ಟ್ಸ್. ಎಲ್ಲ ಬಾನುಲಿ ಕೇಂದ್ರಗಳನ್ನು ಮುಚ್ಚಿ ಆ ಜಾಗವನ್ನು ಕೊಟ್ಟರೂ ವೈ-ಫೈನ ಒಂದು ಸಾಲು ಅದರಲ್ಲಿ ಹಿಡಿಸುವುದಿಲ್ಲ.

ಅಗಲವಾದ ಜಾಗ ಸಿಗುವುದು ಮೇಲಿನ ಆವರ್ತಾಂಕಗಳಲ್ಲಿ ಮಾತ್ರ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 83.5 ಮೆಗಾಹರ್ಟ್ಸ್ ಜಾಗವುಂಟು. 5 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶ 2018ರಲ್ಲಿ 605 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತು. ಆದುದರಿಂದ ನಿಯಮ ಇಷ್ಟೇ: ಆವರ್ತಾಂಕ ಏರಿದಂತೆ ವೇಗ ಹೆಚ್ಚು, ದೂರ ಕಡಿಮೆ. ಎರಡೂ ಒಟ್ಟಿಗೆ ಬೇಕೆಂದರೆ ಸಿಗುವುದಿಲ್ಲ. ಓಡುವ ಎತ್ತಿಗೂ ಭಾರ ಎಳೆಯುವ ಎತ್ತಿಗೂ ಇರುವ ವ್ಯತ್ಯಾಸವಿದು.

ದೂರದ ಲೆಕ್ಕವನ್ನೂ ನೆನಪಿಡಬೇಕು. ಬಯಲಿನಲ್ಲಿ ದೂರ ಎರಡರಷ್ಟಾದರೆ ತಲುಪುವ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಪಾಲಾಗುತ್ತದೆ. ದೂರ ಹತ್ತರಷ್ಟಾದರೆ ಶಕ್ತಿ ನೂರನೆಯ ಒಂದು ಪಾಲು. ಆದುದರಿಂದಲೇ ನಾಲ್ಕು ಹೆಜ್ಜೆ ಹತ್ತಿರ ಬಂದರೆ ಫೋನು ಚುರುಕಾಗುತ್ತದೆ.

ಮಾನಕ ಎಂದರೇನು, ಅದರಿಂದ ರೈತನಿಗೇನು?

ಹಿಂದೆ ಸಂತೆಯಿಂದ ಸಂತೆಗೆ ಸೇರು ಬೇರೆ, ಕೊಳಗ ಬೇರೆ ಇತ್ತು. ಅಳತೆಯಲ್ಲಿ ರೈತನಿಗೆ ನಷ್ಟವಾಗುತ್ತಿತ್ತು. 1956ರ ಕಾನೂನಿನಿಂದ ದೇಶಕ್ಕೆಲ್ಲ ಕಿಲೋಗ್ರಾಂ, ಮೀಟರ್ ಬಂದವು. ದಾವಣಗೆರೆಯ ಕಿಲೋ ಮತ್ತು ಹುಬ್ಬಳ್ಳಿಯ ಕಿಲೋ ಒಂದೇ ಆಯಿತು. ಹೀಗೆ ಎಲ್ಲರೂ ಒಪ್ಪಿದ ಅಳತೆಗೆ, ಎಲ್ಲರೂ ಒಪ್ಪಿದ ನಡೆಗೆ ಮಾನಕ ಎನ್ನುತ್ತಾರೆ.

ತಂತಿಯಿಲ್ಲದ ಯಂತ್ರಗಳಿಗೂ ಇಂಥ ಮಾನಕ ಬೇಕಾಯಿತು. ಒಂದು ಕಂಪನಿಯ ಫೋನು ಇನ್ನೊಂದು ಕಂಪನಿಯ ರೂಟರಿನೊಡನೆ ಮಾತನಾಡದಿದ್ದರೆ ಕೊಂಡವನ ಗತಿಯೇನು? ಅಮೆರಿಕ ದೇಶ 1985ರಲ್ಲಿ ಕೆಲವು ಆವರ್ತಾಂಕಗಳನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿತು. ಅನಂತರ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ 1997ರಲ್ಲಿ 802.11 ಎಂಬ ಅಂಕಿಯ ಮಾನಕವನ್ನು ಪ್ರಕಟಿಸಿತು. ಅಂದಿನಿಂದ ಅದು ತಲೆಮಾರಿನಿಂದ ತಲೆಮಾರಿಗೆ ಹೀಗೆ ಬೆಳೆದಿದೆ:

1997: 802.11. ಸೆಕೆಂಡಿಗೆ 2 ಮೆಗಾಬಿಟ್ ವೇಗ.
1999: 802.11ಬಿ. 2.4 ಗಿಗಾಹರ್ಟ್ಸ್, 11 ಮೆಗಾಬಿಟ್.
1999: 802.11ಎ. 5 ಗಿಗಾಹರ್ಟ್ಸ್, 54 ಮೆಗಾಬಿಟ್.
2003: 802.11ಜಿ. 2.4 ಗಿಗಾಹರ್ಟ್ಸ್, 54 ಮೆಗಾಬಿಟ್.
2009: 802.11ಎನ್, ಅಥವಾ ವೈ-ಫೈ 4. ಎರಡೂ ಪಟ್ಟಿ, 600 ಮೆಗಾಬಿಟ್.
2013: 802.11ಎಸಿ, ಅಥವಾ ವೈ-ಫೈ 5. 5 ಗಿಗಾಹರ್ಟ್ಸ್ ಮಾತ್ರ, ಸುಮಾರು 6,900 ಮೆಗಾಬಿಟ್.
2021: 802.11ಎಎಕ್ಸ್, ಅಥವಾ ವೈ-ಫೈ 6. ಸುಮಾರು 9,600 ಮೆಗಾಬಿಟ್.

ಇದರ ಮುಂದಿನದಾದ ವೈ-ಫೈ 7 ಕೂಡ ಅಂಗಡಿಗಳಿಗೆ ಬಂದಿದೆ. 4, 5, 6 ಎಂಬ ಸುಲಭದ ಹೆಸರುಗಳನ್ನು ಜನರಿಗೆ ಅನುಕೂಲವಾಗಲೆಂದು 2018ರಲ್ಲಿ ಇಟ್ಟರು.

ಈ ಅಂಕಿಗಳು ಮಾನಕದ ತುತ್ತತುದಿಯ ಅಂಕಿಗಳು. ಬೀಜದ ಚೀಲದ ಮೇಲೆ ಬರೆದ ಇಳುವರಿಯಂತೆ, ಎಲ್ಲ ಅನುಕೂಲವೂ ಕೂಡಿಬಂದರೆ ಮಾತ್ರ ದೊರಕತಕ್ಕವು. ಮನೆಯಲ್ಲಿ ನಿಜವಾಗಿ ಸಿಗುವುದು ಅದರ ಒಂದು ಪಾಲು ಮಾತ್ರ. ಹಳೆಯ ಮಾನಕದ ಫೋನು ಹೊಸ ಮಾನಕದ ರೂಟರಿನೊಡನೆ ಕೆಲಸ ಮಾಡುತ್ತದೆ. ಆದರೆ ಹಳೆಯದರ ವೇಗದಲ್ಲಿಯೇ ಮಾಡುತ್ತದೆ. ಜೋಡಿಯಲ್ಲಿ ಒಂದು ಎತ್ತು ಮುದಿಯಾದರೆ ಗಾಡಿಯ ನಡಿಗೆ ಮುದಿ ಎತ್ತಿನದೇ.

ಒಂದು ದೊಡ್ಡ ತಪ್ಪು ತಿಳಿವಳಿಕೆ

ಪೆಟ್ಟಿಗೆಯ ಮೇಲೆ “5ಜಿ” ಎಂಬ ಅಕ್ಷರ ನೋಡಿ, ಇದು ಮೊಬೈಲಿನ 5ಜಿ ಎಂದು ತಿಳಿದು ಹೆಚ್ಚು ಬೆಲೆ ಕೊಡುವವರಿದ್ದಾರೆ. ಇವೆರಡೂ ಬೇರೆ ಬೇರೆ. ಮೊಬೈಲಿನ 5ಜಿ ಎಂದರೆ ಐದನೆಯ ತಲೆಮಾರು. ಅದು ಕಂಪನಿಯ ಗೋಪುರದಿಂದ ಬರುತ್ತದೆ. ನಮ್ಮ ದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ರೂಟರಿನಲ್ಲಿ “5ಜಿ” ಎಂದರೆ ಬಹುಮಟ್ಟಿಗೆ 5 ಗಿಗಾಹರ್ಟ್ಸ್ ಎಂಬ ಪಟ್ಟಿಯ ಹೆಸರು.

ರೂಟರಿನಲ್ಲಿ ಎರಡು ಹೆಸರು ಕಾಣಿಸಿದರೆ ಹೀಗೆ ಬಳಸಿರಿ. ಪೆಟ್ಟಿಗೆ ಇರುವ ಕೋಣೆಯಲ್ಲಿಯೇ ಕುಳಿತಿದ್ದರೆ 5 ಗಿಗಾಹರ್ಟ್ಸ್. ಹಿತ್ತಿಲು, ಕೊಟ್ಟಿಗೆ, ಮಹಡಿಯಲ್ಲಿದ್ದರೆ 2.4 ಗಿಗಾಹರ್ಟ್ಸ್. ಗೋಡೆಗಳ ನಡುವೆ 2.4ರ ಅಲೆ ಹೆಚ್ಚು ದೂರ ಬಾಳುತ್ತದೆ. ವೇಗ ಕಡಿಮೆಯಾದರೂ ಅರ್ಜಿ ತುಂಬಲು, ಬೆಳೆಯ ಚಿತ್ರ ಕಳುಹಿಸಲು ಅದು ಧಾರಾಳವಾಗಿ ಸಾಕು.

ಗೋಡೆ, ತಗಡು, ನೀರು, ಎಲೆ

ಸಣ್ಣ ಅಲೆಗೆ ಶತ್ರುಗಳು ಹಲವರು. ಮೊದಲನೆಯದು ದಪ್ಪ ಗೋಡೆ. ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿರುವ ಆನೆಕೊಂಡದ ಹಳೆಯ ಈಶ್ವರ ದೇವಾಲಯವನ್ನು ನೋಡಿರಿ. ಅಂಥ ಕಲ್ಲುಕಟ್ಟಡದ ಗರ್ಭಗುಡಿಯಲ್ಲಿ ನಿಂತರೆ ಮೊಬೈಲಿನ ಅಲೆಯೂ ಸೊರಗುತ್ತದೆ. ನಮ್ಮ ಹಳೆಯ ಮನೆಗಳ ಎರಡಡಿ ಮಣ್ಣಿನ ಗೋಡೆ, ಕಲ್ಲಿನ ಗೋಡೆಗಳೂ ಹಾಗೆಯೇ. ಅವು ಬೇಸಿಗೆಯ ಬಿಸಿಲನ್ನು ತಡೆಯುವಂತೆ ಅಲೆಯನ್ನೂ ತಡೆಯುತ್ತವೆ.

ಎರಡನೆಯದು ಲೋಹ. ತಗಡಿನ ಮಾಡು, ಕಬ್ಬಿಣದ ಬಾಗಿಲು, ಗಾದ್ರೆಜ್ ಬೀರು ಇವು ಅಲೆಯನ್ನು ಹಿಂದಕ್ಕೆ ಎಸೆಯುತ್ತವೆ. ರೂಟರನ್ನು ಬೀರುವಿನ ಹಿಂದೆ ಬಚ್ಚಿಡುವುದು ದೀಪವನ್ನು ಕೊಳಗದ ಕೆಳಗಿಟ್ಟಂತೆ.

ಮೂರನೆಯದು ನೀರು. ನೀರಿನ ತೊಟ್ಟಿ ಅಲೆಯನ್ನು ಹೀರುತ್ತದೆ. ಹಸಿರೆಲೆಯಲ್ಲಿ ಇರುವುದೂ ಬಹುಪಾಲು ನೀರೇ. ಬೇಸಿಗೆಯಲ್ಲಿ ಕಟಾವಾದ ಬಯಲಿನ ಮೇಲೆ ತೋಟದ ಮನೆಗೆ ಮುಟ್ಟುತ್ತಿದ್ದ ಅಲೆ, ಆಳೆತ್ತರದ ಮೆಕ್ಕೆಜೋಳ ಅಥವಾ ಕಬ್ಬು ಎದ್ದ ಮೇಲೆ ನಿಂತುಹೋಗುವುದು ಇದರಿಂದಲೇ. ಮಳೆಯಲ್ಲಿ ತೊಯ್ದ ಅಡಿಕೆ ತೋಟ ಇನ್ನೂ ದೊಡ್ಡ ಗೋಡೆ. ಬೀಳುವ ಮಳೆಯೇ ತಡೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಒಂದೆರಡು ಕಿಲೋಮೀಟರಿನೊಳಗೆ ಮಳೆಹನಿಯ ತಡೆ ಅತ್ಯಲ್ಪ. ಒದ್ದೆಯಾದ ಎಲೆಯ ತಡೆಯೇ ಹೆಚ್ಚು. ಆದರೆ 60 ಗಿಗಾಹರ್ಟ್ಸ್‌ನ ಅಲೆಗೆ ಮಳೆಯೂ ತಡೆ, ಗಾಳಿಯಲ್ಲಿರುವ ಆಮ್ಲಜನಕವೂ ತಡೆ.

ನಾಲ್ಕನೆಯದು ನೆರೆಹೊರೆಯ ಗದ್ದಲ. ವೈ-ಫೈ ಯಂತ್ರಗಳು ಮಾತನಾಡುವ ಮೊದಲು ಕಿವಿಗೊಟ್ಟು ಕೇಳುತ್ತವೆ. ಬೇರೆಯವರು ಮಾತನಾಡುತ್ತಿದ್ದರೆ ತಡೆದು, ಅವರು ನಿಲ್ಲಿಸಿದ ಮೇಲೆ ತಾವು ಆರಂಭಿಸುತ್ತವೆ. ಒಳ್ಳೆಯ ಗ್ರಾಮಸಭೆಯ ನಡವಳಿಕೆಯಿದು! ಆದರೆ ಸಭೆ ದೊಡ್ಡದಾದಷ್ಟೂ ಒಬ್ಬೊಬ್ಬರ ಸರದಿ ತಡವಾಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಸಾಲುಗಳು ಮೂರೇ: 1, 6 ಮತ್ತು 11. ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ಇದರಿಂದ ತೊಂದರೆ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಈ ಒಂದು ವಿಷಯದಲ್ಲಿ ಹಳ್ಳಿಯವರೇ ಭಾಗ್ಯವಂತರು.

ಮುಖ್ಯ ಕಾಲುವೆ ಮತ್ತು ಹೊಲಗಾಲುವೆ

ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಲಗಾಲುವೆಯನ್ನು ಎಷ್ಟು ಅಗಲ ಮಾಡಿದರೂ ಮೇಲಿನ ಕಾಲುವೆಯಲ್ಲಿ ನೀರಿಲ್ಲದಿದ್ದರೆ ಗದ್ದೆ ನೆನೆಯುವುದಿಲ್ಲ. ವೈ-ಫೈ ಎಂಬುದು ಹೊಲಗಾಲುವೆ. ಅದಕ್ಕೆ ನೀರು ಬರಬೇಕಾದುದು ಗಾಜಿನ ಎಳೆಯಿಂದ ಅಥವಾ ಮೊಬೈಲ್ ಗೋಪುರದಿಂದ.

ಗಾಜಿನ ಎಳೆಯನ್ನು ಗ್ರಾಮ ಪಂಚಾಯತಿಗಳಿಗೆ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು 2.5 ಲಕ್ಷ ಪಂಚಾಯತಿಗಳನ್ನು ಮುಟ್ಟುವುದು ಅದರ ಗುರಿ. ಇದಕ್ಕೇ ಮುಂದೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲು ಹಾಕಿದ ಎಳೆ ಅನೇಕ ಕಡೆ ಮರದ ಕೊಂಬೆಯಂತೆ ಒಂದೇ ದಾರಿಯಲ್ಲಿತ್ತು. ರಸ್ತೆ ಅಗೆಯುವ ಯಂತ್ರ ಒಂದು ಕಡೆ ಕಡಿದರೆ ಅದರಿಂದಾಚೆಯ ಊರುಗಳೆಲ್ಲ ಕತ್ತಲಾಗುತ್ತಿದ್ದವು. 2023ರಲ್ಲಿ ತಿದ್ದಿದ ಯೋಜನೆಯಲ್ಲಿ ಎಳೆಯನ್ನು ಬಳೆಯಂತೆ ಸುತ್ತಿಸಿ, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಬರುವಂತೆ ಮಾಡಲು ನಿರ್ಧರಿಸಲಾಯಿತು.

ಆದುದರಿಂದ ಸಂಪರ್ಕ ಕೆಟ್ಟಾಗ ಮೊದಲು ದೋಷ ಯಾವ ಕಾಲುವೆಯಲ್ಲಿದೆ ಎಂಬುದನ್ನು ಪರೀಕ್ಷಿಸಬೇಕು. ಪರೀಕ್ಷೆ ಸುಲಭ. ರೂಟರಿನ ಪಕ್ಕದಲ್ಲಿಯೇ ನಿಂತು ಫೋನಿನಲ್ಲಿ ನೋಡಿರಿ. ಅಲ್ಲಿ ಚೆನ್ನಾಗಿದ್ದು ಹಿತ್ತಿಲಿನಲ್ಲಿ ಕೆಟ್ಟಿದ್ದರೆ ದೋಷ ಹೊಲಗಾಲುವೆಯದು. ಪೆಟ್ಟಿಗೆಯ ಜಾಗ ಬದಲಾಯಿಸಬೇಕು. ಪಕ್ಕದಲ್ಲಿಯೂ ಕೆಟ್ಟಿದ್ದರೆ ದೋಷ ಮುಖ್ಯ ಕಾಲುವೆಯದು. ಸಂಪರ್ಕ ಕೊಟ್ಟವರಿಗೆ ದೂರು ಕೊಡಬೇಕು. ಎರಡನೆಯ ಸಂದರ್ಭದಲ್ಲಿ ಹೊಸ ರೂಟರ್ ಕೊಂಡರೆ ಹಣ ನೀರಿಗೆ ಹಾಕಿದಂತೆಯೇ ಸರಿ.

ತೋಟದ ಮನೆಗೆ ಒಯ್ಯುವ ಬಗೆ

ಸಾಮಾನ್ಯ ರೂಟರ್ ಮನೆಯೊಳಗೆ ಒಂದೆರಡು ಗೋಡೆ ದಾಟಿ 30 ಮೀಟರ್ ಮುಟ್ಟಿದರೆ ಅದೇ ಹೆಚ್ಚು. ಅದು ಸುತ್ತಲೂ ಬೆಳಕು ಚೆಲ್ಲುವ ಲಾಟೀನಿನಂತೆ. ದೂರಕ್ಕೆ ಬೆಳಕು ಬೇಕಾದರೆ ಬ್ಯಾಟರಿ ದೀಪದಂತೆ ಒಂದೇ ದಿಕ್ಕಿಗೆ ಬಿಡಬೇಕು. ಹಾಗೆ ಒಂದೇ ದಿಕ್ಕಿಗೆ ಅಲೆ ಬಿಡುವ ಏರಿಯಲ್‌ಗಳುಂಟು. ಮನೆಯ ಮೇಲೊಂದು, ತೋಟದ ಮನೆಯ ಮೇಲೊಂದು ಎದುರುಬದುರಾಗಿ ನಿಲ್ಲಿಸಿದರೆ ಅದೇ ವೈ-ಫೈ ಕಿಲೋಮೀಟರುಗಟ್ಟಲೆ ಹೋಗುತ್ತದೆ.

ಇದು ಬರಿಯ ಮಾತಲ್ಲ. ತಮಿಳುನಾಡಿನ ತೇನಿಯ ಅರವಿಂದ ಕಣ್ಣಿನ ಆಸ್ಪತ್ರೆ 2000ದ ದಶಕದ ಮಧ್ಯಭಾಗದಲ್ಲಿ ಇಂಥ ಏರಿಯಲ್‌ಗಳಿಂದ ಹಳ್ಳಿಗಳ ಕಣ್ಣಿನ ಕೇಂದ್ರಗಳನ್ನು ಜೋಡಿಸಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಜ್ಞರು ಇದಕ್ಕೆ ನೆರವಾದರು. ಹಳ್ಳಿಯ ರೋಗಿ ತನ್ನ ಊರಿನ ಹತ್ತಿರವೇ ಕುಳಿತು ದೂರದ ವೈದ್ಯರನ್ನು ತೆರೆಯ ಮೇಲೆ ಕಂಡು ಮಾತನಾಡಿದನು. ವೆನಿಜುವೆಲಾ ದೇಶದಲ್ಲಿ 2007ರಲ್ಲಿ ಎರಡು ಎತ್ತರದ ಜಾಗಗಳ ನಡುವೆ 382 ಕಿಲೋಮೀಟರ್ ದೂರಕ್ಕೆ ವೈ-ಫೈ ಮುಟ್ಟಿಸಿ ತೋರಿಸಿದರು.

ಇಲ್ಲಿ ಒಂದು ಸೂಕ್ಷ್ಮವುಂಟು. ಎರಡು ಏರಿಯಲ್‌ಗಳು ಒಂದಕ್ಕೊಂದು ಕಂಡರೆ ಮಾತ್ರ ಸಾಲದು. ನಡುವಿನ ದಾರಿ ದಪ್ಪವಾಗಿ ತೆರವಿರಬೇಕು. ಅಲೆ ದಾರದಂತೆ ಹೋಗುವುದಿಲ್ಲ. ನಡುವೆ ಉಬ್ಬಿದ ಸೌತೆಕಾಯಿಯಂತೆ ಜಾಗ ಹಿಡಿದು ಹೋಗುತ್ತದೆ. 1 ಕಿಲೋಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಈ ಸೌತೆಕಾಯಿಯ ಅರೆಯಗಲ ಸುಮಾರು 5.6 ಮೀಟರ್, 5.8 ಗಿಗಾಹರ್ಟ್ಸ್‌ನಲ್ಲಿ ಸುಮಾರು 3.6 ಮೀಟರ್. ಇದರಲ್ಲಿ ನೂರಕ್ಕೆ 60 ಪಾಲಾದರೂ ತೆರವಿರಬೇಕು. ಆದುದರಿಂದ ನಡುವೆ 3 ಮೀಟರ್ ಎತ್ತರದ ಕಬ್ಬಿದ್ದರೆ, 2.4 ಗಿಗಾಹರ್ಟ್ಸ್‌ಗೆ ಏರಿಯಲ್‌ಗಳು ಸುಮಾರು 6.5 ಮೀಟರ್ ಎತ್ತರದಲ್ಲಿರಬೇಕಾಗುತ್ತದೆ. ಬಯಲಿನಲ್ಲಿ 5 ಗಿಗಾಹರ್ಟ್ಸ್‌ನ ಜೋಡಿಯನ್ನು ಹೆಚ್ಚಾಗಿ ಬಳಸುವುದಕ್ಕೆ ಇದೂ ಒಂದು ಕಾರಣ. ನಡುವೆ ಅಡಿಕೆ, ತೆಂಗಿನ ತೋಟವಿದ್ದರೆ ಹಣ ಹಾಕುವ ಮುಂಚೆ ಎರಡು ಸಲ ಯೋಚಿಸಿರಿ. ಜಾಗವನ್ನು ಬೇಸಿಗೆಯಲ್ಲಿ ನೋಡದೆ, ಬೆಳೆ ಎದ್ದು ನಿಂತಾಗ ನೋಡಿ ತೀರ್ಮಾನಿಸುವುದು ಜಾಣತನ.

ತೇವಾಂಶ ಅಳೆಯುವುದು, ಪಂಪಿನ ಸ್ಥಿತಿ ತಿಳಿಯುವುದು ಇಂಥ ಚಿಕ್ಕ ಕೆಲಸಕ್ಕೆ ವೇಗ ಬೇಡ, ದೂರ ಬೇಕು. ಅಂಥವುಗಳಿಗೆ 1 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಉತ್ತಮ. 802.11ಎಎಚ್ ಎಂಬ ಮಾನಕ ಇದಕ್ಕಾಗಿಯೇ ಬಂದಿದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಬಹುದು.

ಊರವರೆಲ್ಲ ಕೂಡಿದರೆ

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಜನಸ್ತು ಎಂಬ ಸಂಸ್ಥೆ ಹಳ್ಳಿಯವರೊಡನೆ ಕೂಡಿ ಒಂದು ಪ್ರಯೋಗ ನಡೆಸಿದೆ. ಅಲ್ಲಿ ಒಂದು ವೈ-ಫೈ ಪೆಟ್ಟಿಗೆ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಮಾಹಿತಿ ದಾಟಿಸುತ್ತದೆ. ಮೀನಿನ ಬಲೆಯಂತೆ ಜಾಲ ಹಬ್ಬುತ್ತದೆ. ಹೊರಗಿನ ಅಂತರ್ಜಾಲ ನಿಂತರೂ ಊರೊಳಗಿನ ಜಾಲ ನಿಲ್ಲುವುದಿಲ್ಲ. ಊರಿನವರು ತಮ್ಮ ಮಾತು, ಹಾಡು, ಅನುಭವಗಳನ್ನು ಧ್ವನಿಯಲ್ಲಿ ಮುದ್ರಿಸಿ ತಮ್ಮೊಳಗೆ ಹಂಚಿಕೊಳ್ಳಬಹುದು. ಓದು ಬಾರದ ಅಜ್ಜಿಯೂ ಕೇಳಬಹುದು, ಹೇಳಬಹುದು.

ಇನ್ನೊಂದು ದಾರಿ ಪಿಎಂ-ವಾಣಿ. ಕೇಂದ್ರ ಮಂತ್ರಿಮಂಡಲ ಇದಕ್ಕೆ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಇದರಂತೆ ಕಿರಾಣಿ ಅಂಗಡಿಯವರೋ, ಚಹಾ ಹೋಟೆಲಿನವರೋ, ಮಹಿಳಾ ಸಂಘದವರೋ ತಮ್ಮ ಸಂಪರ್ಕವನ್ನು ವೈ-ಫೈ ಮೂಲಕ ಊರಿನವರಿಗೆ ಚಿಲ್ಲರೆಯಾಗಿ ಮಾರಬಹುದು. ಅದಕ್ಕೆ ಪರವಾನಗಿಯೂ ಬೇಡ, ಶುಲ್ಕವೂ ಇಲ್ಲ. ಹೀಗೆ ಮಾರುವ ಅಂಗಡಿಗೆ ಸಾರ್ವಜನಿಕ ದತ್ತಾಂಶ ಕಚೇರಿ, ಚಿಕ್ಕದಾಗಿ ಪಿಡಿಓ, ಎಂದು ಹೆಸರು. ನಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೂ ಪಿಡಿಓ ಎನ್ನುವುದರಿಂದ ಗೊಂದಲ ಮಾಡಿಕೊಳ್ಳಬಾರದು! ಇಂಥ ಅಂಗಡಿಗಳಿಗೆ ಸಂಪರ್ಕ ಕೊಡುವ ಕಂಪನಿಗಳು ಮನಬಂದಂತೆ ದರ ಹಾಕದಿರಲೆಂದು ದೂರಸಂಪರ್ಕ ಪ್ರಾಧಿಕಾರ 2025ರ ಜೂನಿನಲ್ಲಿ ಮಿತಿ ಹಾಕಿತು. ಅದರಂತೆ 200 ಮೆಗಾಬಿಟ್‌ವರೆಗಿನ ಸಂಪರ್ಕಕ್ಕೆ ಮನೆಯವರ ದರದ ಎರಡರಷ್ಟಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಕಾನೂನು ಏನೆನ್ನುತ್ತದೆ?

2.4 ಗಿಗಾಹರ್ಟ್ಸ್ ಪಟ್ಟಿಯನ್ನು ನಮ್ಮ ಸರಕಾರ 2005ರಲ್ಲಿ ಪರವಾನಗಿಯಿಂದ ಬಿಡುಗಡೆ ಮಾಡಿತು. ಆದರೆ ಶಕ್ತಿಗೆ ಮಿತಿಯುಂಟು. ಯಂತ್ರದ ಶಕ್ತಿ 1 ವ್ಯಾಟ್, ಏರಿಯಲ್‌ನ ಬಲವೂ ಸೇರಿ 4 ವ್ಯಾಟ್ ಮೀರಬಾರದು. ವೈ-ಫೈ ವಿಸ್ತರಿಸುವ ಪೆಟ್ಟಿಗೆ ಇಡುವುದು ತಪ್ಪಲ್ಲ. ಆದರೆ ಮೊಬೈಲ್ ಗೋಪುರದ ಅಲೆಯನ್ನು ಹಿಗ್ಗಿಸುವ “ಬೂಸ್ಟರ್” ಎಂಬ ಯಂತ್ರವನ್ನು ಖಾಸಗಿಯವರು ಅನುಮತಿಯಿಲ್ಲದೆ ಇಡುವುದು ಅಪರಾಧ. ಅದು ಸುತ್ತಲಿನ ಊರುಗಳ ಸಂಪರ್ಕವನ್ನೂ ಕೆಡಿಸುತ್ತದೆ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿರಿ.

ಆರೋಗ್ಯದ ಭಯ

ಈ ಅಲೆಯಿಂದ ಮಕ್ಕಳಿಗೆ, ದನಕರುಗಳಿಗೆ ಕೇಡಾಗುವುದೇ ಎಂದು ತಾಯಂದಿರು ಕೇಳುತ್ತಾರೆ. ಎಕ್ಸ್-ರೇಯಂತೆ ಜೀವಕಣಗಳ ಒಳಗಿನ ಬಂಧವನ್ನು ಮುರಿಯುವ ಬಲ ರೇಡಿಯೋ ಅಲೆಗಿಲ್ಲ. ಬಹಳ ಶಕ್ತಿಯಿದ್ದರೆ ಬಿಸಿ ಮಾಡಬಲ್ಲದು. ಪೇಟೆಯ ಮನೆಗಳ ಮೈಕ್ರೋವೇವ್ ಒಲೆ ನೂರಾರು ವ್ಯಾಟ್‌ನ ಅಲೆಯಿಂದ ಅನ್ನ ಬಿಸಿಮಾಡುತ್ತದೆ. ಮನೆಯ ರೂಟರಿನ ಅಲೆಯ ಶಕ್ತಿ ಸಾಮಾನ್ಯವಾಗಿ 1 ವ್ಯಾಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು “ಕೇಡು ಸಾಧ್ಯವಿರಬಹುದು, ಆದರೆ ಸಾಕ್ಷ್ಯ ಸಾಲದು” ಎಂಬ ವರ್ಗಕ್ಕೆ ಸೇರಿಸಿತು. ನಿಶ್ಚಿಂತೆ ಬೇಕೆನ್ನುವವರು ಪೆಟ್ಟಿಗೆಯನ್ನು ಮಲಗುವ ಜಾಗದಿಂದ ನಾಲ್ಕು ಹೆಜ್ಜೆ ದೂರವಿಡಲಿ. ದೂರ ಎರಡರಷ್ಟಾದರೆ ಶಕ್ತಿ ಕಾಲು ಪಾಲಾಗುವ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಬೇಡವಾದಾಗ ಆರಿಸಲಿ.

ನಿಜವಾದ ಅಪಾಯ ಬೇರೆ ಕಡೆಯಿದೆ. ಗುಪ್ತಪದವಿಲ್ಲದ ವೈ-ಫೈ ಎಂದರೆ ಬೇಲಿಯಿಲ್ಲದ ಹೊಲ. ನಿಮ್ಮ ಸಂಪರ್ಕದಿಂದ ಬೇರೆಯವರು ಅಪರಾಧ ಮಾಡಿದರೆ ವಿಚಾರಣೆಗೆ ಮೊದಲು ಬರುವುದು ನಿಮ್ಮ ಬಾಗಿಲಿಗೆ. 1997ರ ಹಳೆಯ ಬೀಗವಾದ ಡಬ್ಲ್ಯುಇಪಿಯನ್ನು 2001ರಲ್ಲಿಯೇ ಮುರಿದು ತೋರಿಸಿದರು. ಈಗ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಬ ಬೀಗವನ್ನೇ ಹಾಕಬೇಕು.

ಕೊಳ್ಳುವ ಮುಂಚೆ, ಕೊಂಡ ಮೇಲೆ

1. ದೋಷ ಮುಖ್ಯ ಕಾಲುವೆಯದೋ ಹೊಲಗಾಲುವೆಯದೋ ಎಂಬುದನ್ನು ಮೊದಲು ಪರೀಕ್ಷಿಸಿರಿ.
2. ಎರಡೂ ಪಟ್ಟಿ ಇರುವ, ವೈ-ಫೈ 5 ಅಥವಾ 6ರ ಪೆಟ್ಟಿಗೆ ಸಾಕು. ಸಂಪರ್ಕವೇ 40 ಮೆಗಾಬಿಟ್ ಇರುವಾಗ ಸಾವಿರಾರು ಮೆಗಾಬಿಟ್‌ನ ಪೆಟ್ಟಿಗೆಯಿಂದ ಹೆಚ್ಚಿನ ಲಾಭವಿಲ್ಲ.
3. ಪೆಟ್ಟಿಗೆಯನ್ನು ಮನೆಯ ನಡುವೆ, ಆಳೆತ್ತರದಲ್ಲಿ, ಬಯಲಾಗಿ ಇಡಿರಿ. ಬೀರು, ನೀರಿನ ತೊಟ್ಟಿ, ಒಲೆಯ ಹೊಗೆಯಿಂದ ದೂರವಿರಲಿ.
4. ಕಂಪನಿಯವರು ಇಟ್ಟ ಗುಪ್ತಪದವನ್ನು ಅಂದೇ ಬದಲಾಯಿಸಿರಿ. ಊರಿನ ಹೆಸರು, ಫೋನಿನ ಅಂಕಿ ಬೇಡ.
5. ಬಸ್ ನಿಲ್ದಾಣ, ರೈಲು ನಿಲ್ದಾಣಗಳ ತೆರೆದ ವೈ-ಫೈನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿರಿ. ಫೋನಿಗೆ ಬರುವ ಒಟಿಪಿ ಅಂಕಿಯನ್ನು ಯಾರಿಗೂ ಹೇಳಬೇಡಿರಿ.
6. ಬಹಳಷ್ಟು ರೂಟರುಗಳು 12 ವೋಲ್ಟಿನಲ್ಲಿ, 10-12 ವ್ಯಾಟಿನಷ್ಟು ವಿದ್ಯುತ್ತಿನಿಂದ ನಡೆಯುತ್ತವೆ. 5 ಅಶ್ವಶಕ್ತಿಯ ಪಂಪಿಗೆ ಸುಮಾರು 3,700 ವ್ಯಾಟ್ ಬೇಕು. ಆದುದರಿಂದ ಚಿಕ್ಕ ಬ್ಯಾಟರಿಯೊಂದಿದ್ದರೆ ಕರೆಂಟು ಹೋದಾಗಲೂ ಅರ್ಜಿಯ ಕೆಲಸ ನಿಲ್ಲುವುದಿಲ್ಲ.
7. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ಗನ್ನು ಕಿತ್ತಿಡಿರಿ. ಮಾಳಿಗೆಯ ಮೇಲಿನ ಏರಿಯಲ್ ಕಂಬಕ್ಕೆ ಅರ್ತಿಂಗ್ ಮಾಡಿಸಿರಿ.
8. ಅರ್ಜಿ, ಸಮೀಕ್ಷೆಗಳನ್ನು ಕಡೆಯ ದಿನಕ್ಕೆ ಉಳಿಸಬೇಡಿರಿ. ಅಂದು ಎಲ್ಲರೂ ಒಂದೇ ತೂಬಿಗೆ ಬರುತ್ತಾರೆ.

ಪಂಚಾಯತಿಗೆ ಗಾಜಿನ ಎಳೆ ಬಂದಿದೆಯೇ, ಬಂದಿದ್ದರೆ ಅದು ಕೆಲಸ ಮಾಡುತ್ತಿದೆಯೇ, ಶಾಲೆಗೂ ಹಾಲಿನ ಸಂಘಕ್ಕೂ ಅಲ್ಲಿಂದ ಸಂಪರ್ಕ ಒಯ್ಯಬಹುದೇ ಎಂಬ ಮೂರು ಪ್ರಶ್ನೆಗಳನ್ನು ಬರುವ ಗ್ರಾಮಸಭೆಯಲ್ಲಿ ಕೇಳಿರಿ. ಕಾಲುವೆಯ ಕೊನೆಯ ತೂಬಿಗೆ ನೀರು ತರಿಸಿಕೊಳ್ಳಲು ಒಗ್ಗಟ್ಟಾಗಿ ನಿಂತು ಗೊತ್ತಿರುವ ಜನ ನಾವು. ಅಂತರ್ಜಾಲದ ಕೊನೆಯ ತೂಬೂ ಹಾಗೆಯೇ ಕೇಳಿದವರ ಕಡೆಗೆ ತೆರೆಯುತ್ತದೆ.